ವಜ್ರದತ್ತೆ

ಪ್ರತಿ ದೊಡ್ಡ ಕುಟುಂಬದಲ್ಲೂ ವಜ್ರದೋಲೆ ಮಾರಲು ಹೊರಟ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಹೊರಟಿರುತ್ತಾರೆ, ಅಷ್ಟೆ, ಮಾರಿದ ದಾಖಲೆ ಇರುವುದಿಲ್ಲ. ನಮ್ಮಲ್ಲಿ ಅವರಿಗೆ ವಜ್ರದತ್ತೆ ಎಂದು ಹೆಸರು. ನಿಮ್ಮಲ್ಲಿ ದೊಡ್ಡಮ್ಮನೋ ಚಿಕ್ಕಜ್ಜಿಯೋ ಆಗಿರಬಹುದು. ಅರವತ್ತು ದಾಟಿದ ವಯಸ್ಸು, ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಮನೆ, ಮಗ ಅಮೆರಿಕದಲ್ಲಿ, ಸೊಸೆಗೆ ಓಲೆ ಬೇಡ. "ತುಂಬಾ ಹೆವಿ ಆಗುತ್ತೆ ಅತ್ತೆ, ನೀವೇ ಇಟ್ಕೊಳಿ" ಎಂದು ಸೊಸೆ ವಿಡಿಯೊ ಕಾಲಿನಲ್ಲಿ ಅಂದಳಂತೆ. ಅಂದಿನಿಂದ ಓಲೆ ಮಾರಾಟಕ್ಕಿದೆ.

ಓಲೆ ಎಂದರೆ ಏಳು ಕಲ್ಲಿನ ಬೆಂಡೋಲೆ. ನಡುವೆ ಒಂದು, ಸುತ್ತ ಆರು, ಹಿಂದೆ ಮುಚ್ಚು ಕಟ್ಟಡ, ಗಟ್ಟಿ ತಿರುಪು. ಅತ್ತೆಗೆ ಅವರ ಅತ್ತೆಯಿಂದ ಬಂದದ್ದು. ಎರಡು ಕಿವಿಗೂ ಸೇರಿ ಹದಿನಾಲ್ಕು ಕಲ್ಲು, ಹೆಚ್ಚುಕಡಿಮೆ ಎರಡು ಕ್ಯಾರಟ್. ಒಂದು ಕ್ಯಾರಟ್ಟಿಗೆ 200 ಮಿಲಿಗ್ರಾಂ. ಹಾಗಾಗಿ ಮೂರು ತಲೆಮಾರಿನ ಮನೆತನದ ಗೌರವವೆಲ್ಲ ತಕ್ಕಡಿಗೆ ಬಿದ್ದರೆ 400 ಮಿಲಿಗ್ರಾಂ, ಸಾರಿಗೆ ಉದುರಿಸುವ ಒಂದು ಚಿಟಿಕೆ ಉಪ್ಪಿನಷ್ಟು. ಈ ಲೆಕ್ಕವನ್ನು ಅತ್ತೆಯ ಎದುರು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಮಾರಾಟದ ಹಿಂದಿನ ದಿನ ಓಲೆಗೆ ಅಭ್ಯಂಜನ. ಅಂಟುವಾಳದ ನೀರಿನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ, ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಸುತ್ತಿ, ಅದನ್ನು ಕುಂಕುಮದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕರ್ಚೀಫಿನಲ್ಲಿ ಕಟ್ಟಿ, ಆ ಗಂಟನ್ನು ವ್ಯಾನಿಟಿ ಬ್ಯಾಗಿನ ಒಳಜಿಪ್ಪಿಗೆ ಸೇರಿಸಿ, ಬ್ಯಾಗನ್ನು ಸೆರಗಿನೊಳಗೆ ಅವಿಸಿಕೊಂಡು ಅತ್ತೆ ಕಾರು ಹತ್ತುತ್ತಾರೆ. ಸಾರಥಿ ನಾನು. ದಾರಿಯಲ್ಲಿ ಪರಿಚಯದವರು ಸಿಕ್ಕು "ಎಲ್ಲಿಗೆ?" ಎಂದರೆ ಉತ್ತರ ಸಿದ್ಧ: "ತಿರುಪು ಸಡಿಲ ಆಗಿದೆ, ಬಿಗಿ ಮಾಡಿಸ್ಬೇಕು." ನಮ್ಮ ಜನ ಸೈಟು ಮಾರಿದ್ದನ್ನು ಊರಿಗೆಲ್ಲ ಸಾರಿ ಹೇಳುತ್ತಾರೆ, ಕಿವಿಯದ್ದು ಮಾರುವುದನ್ನು ಮಾತ್ರ ಬಾಯಿಬಿಡುವುದಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿದ ಮೇಲೂ ಅತ್ತೆಯ ಬಾಯಲ್ಲಿ 'ಮಾರು' ಎಂಬ ಶಬ್ದ ಬರದು. "ಸುಮ್ನೆ ನಿಮಗೊಮ್ಮೆ ತೋರಿಸೋಣ ಅಂತ ಬಂದೆ" ಎಂದು, ಅಂಗಡಿಯವನ ಪುಣ್ಯಕ್ಕೇ ಬಂದವರಂತೆ ಕೂರುತ್ತಾರೆ.

ಅವೆನ್ಯೂ ರಸ್ತೆಯ ಒಳಗಲ್ಲಿಯ ಆ ಸೇಟು ಮೂರು ತಲೆಮಾರಿನಿಂದ ಬೆಂಗಳೂರಿನವರು, ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಕಣ್ಣಿಗೆ ಹತ್ತು ಪಟ್ಟಿನ ಲೂಪ್ ಏರಿಸಿ ಓಲೆ ನೋಡತೊಡಗಿದರು. ಅವರು ನೋಡುವಾಗ ಅತ್ತೆ ಸುಮ್ಮನಿರುವುದಿಲ್ಲ. ಓಲೆಯ ಚರಿತ್ರೆ ಶುರು: ಮಾವನವರು ಮೈಸೂರಿನಲ್ಲಿ ಯಾವ ಹುದ್ದೆಯಲ್ಲಿದ್ದರು, ದಸರೆಯ ದರ್ಬಾರಿಗೆ ಯಾವ ಪೇಟ ಕಟ್ಟಿಕೊಂಡು ಹೋದರು, ಓಲೆ ನೋಡಿ ಯಾವ ದಿವಾನರ ಮನೆಯವರು ಏನಂದರು. ಸೇಟು ತಲೆಯೆತ್ತದೆ "ಹೌದಾ ಅಮ್ಮ, ಹೌದಾ" ಎನ್ನುತ್ತಿದ್ದರು. ಕಥೆ ಮುಗಿದಾಗ ಅವರು ಹೇಳಿದ್ದು ಒಂದೇ ಮಾತು: "ಕಲ್ಲು ಬಿಚ್ಚಿ ತೂಕ ಹಾಕ್ಬೇಕು. ಮುಚ್ಚು ಕಟ್ಟಡ ಅಲ್ವಾ, ಬಣ್ಣ ಗೊತ್ತಾಗಲ್ಲ."

ಬಿಚ್ಚುವುದೇ! ಅತ್ತೆ ಓಲೆಯನ್ನು ಕಸಿದುಕೊಂಡು ಮತ್ತೆ ಕಾಗದ ಸುತ್ತಿದರು. ಆಮೇಲೆ ಕಾಫಿ ಬಂತು. ಕಾಫಿ ಕುಡಿದ ಮೇಲೆ ಬಿಚ್ಚಿದರು.

ಈ ವ್ಯಾಪಾರದಲ್ಲಿ ಬಂಗಾರಕ್ಕಿರುವ ಸುಖ ವಜ್ರಕ್ಕಿಲ್ಲ. ಬಂಗಾರದ ದರ ಬೆಳಗಿನ ಪೇಪರಿನಲ್ಲಿ ಬರುತ್ತದೆ. ಕರಗಿಸಿದರೆ ಅಜ್ಜಿಯ ಸರವೂ ಮೊನ್ನೆ ಕೊಂಡ ಬಳೆಯೂ ಒಂದೇ. ವಜ್ರವನ್ನು ಕರಗಿಸುವಂತಿಲ್ಲ. ಬಣ್ಣ, ಶುದ್ಧತೆ, ಕಟಿಂಗು, ತೂಕ ನೋಡಿ ಒಂದೊಂದು ಕಲ್ಲಿಗೂ ಬೇರೆ ಬೇರೆ ಬೆಲೆ. ಎರಡು ಕ್ಯಾರಟ್ಟಿನ ಒಂಟಿ ಕಲ್ಲಿನ ಬೆಲೆ ಎಲ್ಲೋ, ಹದಿನಾಲ್ಕು ಸಣ್ಣ ಕಲ್ಲು ಸೇರಿ ಎರಡು ಕ್ಯಾರಟ್ ಆದದ್ದರ ಬೆಲೆ ಎಲ್ಲೋ. ಮನೆಯಲ್ಲಿ ಒಂಟಿ ಕಲ್ಲಿನ ದರಕ್ಕೇ ಎರಡರಿಂದ ಗುಣಿಸಿ, ಬಂದ ಮೊತ್ತವನ್ನು ಮೂವರು ಮೊಮ್ಮಕ್ಕಳಿಗೆ ಭಾಗ ಕೂಡ ಮಾಡಿದ್ದ ಅತ್ತೆಗೆ ಇದು ಶುದ್ಧ ಮೋಸವಾಗಿ ಕಂಡಿತು. ಸೇಟು ಸಮಾಧಾನವಾಗಿ, "ನಾನು ಮಾಡಿದ ರೇಟಲ್ಲ ಅಮ್ಮ, ರಾಪ್ ನೋಡಿ ಅದಕ್ಕಿಂತ ಇಷ್ಟು ಕಮ್ಮಿ ಅಂತ ಹಿಡಿಯೋದು" ಎಂದರು. ನ್ಯೂಯಾರ್ಕಿನ ರಾಪಪೋರ್ಟ್ ಎಂಬವರು 1978ರಿಂದ ಹೊರಡಿಸುವ ದರಪಟ್ಟಿಯನ್ನು ಪೇಟೆಯವರು ಹಾಗೆ ಮೊಟಕು ಮಾಡಿದ್ದಾರೆ. ಅತ್ತೆ, "ಯಾರವನು ರಾಪ? ಅವನನ್ನೇ ಕರೀರಿ, ಅವನ ಹತ್ರಾನೇ ಮಾತಾಡ್ತೀನಿ" ಎಂದರು.

ಆಮೇಲೆ ಬ್ರಹ್ಮಾಸ್ತ್ರ ತೆಗೆದರು. "ಇದು ಬ್ಲೂ ಜಾಗರ್ ಕಣ್ರೀ!"

ಹಳೇ ಮೈಸೂರಿನ, ಮದರಾಸಿನ ಮನೆತನಗಳಲ್ಲಿ ಬ್ಲೂ ಜಾಗರ್ ಎಂದರೆ ಈಗಲೂ ಕೈ ಮುಗಿಯುತ್ತಾರೆ. ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೇನ್ ಗಣಿಯ ನೀಲಿಛಾಯೆಯ ಬಿಳಿ ಕಲ್ಲಿಗೆ ಬಂದ ಹೆಸರದು. ನಮ್ಮ ಅಜ್ಜಿಯಂದಿರು ಊರಿನ ಹೆಸರನ್ನು ಬಾಯಿಗೆ ಹಿಡಿಸುವಷ್ಟಕ್ಕೆ ಕತ್ತರಿಸಿಕೊಂಡರು. ಸೇಟು ಅಂಗಡಿಯ ದೀಪ ಆರಿಸಿ ನೇರಳಾತೀತ ಟಾರ್ಚು ಹಾಕಿದರು. ಕತ್ತಲಲ್ಲಿ ಹದಿನಾಲ್ಕು ಕಲ್ಲುಗಳಲ್ಲಿ ಒಂಬತ್ತು ನೀಲಿಯಾಗಿ ಹೊಳೆದವು. ಅತ್ತೆ ಗೆದ್ದವರಂತೆ ನನ್ನ ಕಡೆ ತಿರುಗಿದರು. ದೀಪ ಹತ್ತಿತು. ಸೇಟು ಗಂಟಲು ಸರಿಮಾಡಿಕೊಂಡು, "ಈ ನೀಲಿ ಹೊಳಪಿಗೆ ಈಗಿನ ಮಾರ್ಕೆಟ್ಟಲ್ಲಿ ಸ್ವಲ್ಪ ಕಡಿತ ಆಗುತ್ತೆ ಅಮ್ಮ" ಎಂದರು. ಯಾವ ಗುಣಕ್ಕಾಗಿ ಮಾವನವರು ಹೆಚ್ಚು ದುಡ್ಡು ಕೊಟ್ಟರೋ ಅದೇ ಗುಣಕ್ಕೆ ಈಗ ಕಡಿತ. ಆ ಗಣಿ 1971ರಲ್ಲೇ ಮುಚ್ಚಿತು ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, "ನೋಡಿ, ಇನ್ನು ಸಿಗೋದೇ ಇಲ್ಲ! ಇನ್ನೂ ಮೇಲೆ ಹಾಕ್ಬೇಕು ರೇಟು" ಎಂದು ಅತ್ತೆ ಮೇಜು ಕುಟ್ಟಿದರು. ಬಂಗಾರ ಸೇರಿ ಎರಡು ಲಕ್ಷದ ಮೇಲೆ ಸೇಟು ಏರಲಿಲ್ಲ. ಅದರಲ್ಲೂ ಬಂಗಾರದ್ದೇ ಮುಖ್ಯ ಪಾಲು ಎಂದು ನನಗೆ ಅನುಮಾನ. ಅತ್ತೆ ಕಲ್ಲುಗಳನ್ನು ಮತ್ತೆ ಕಟ್ಟಿಸಿ, ಕೂಲಿ ಕೊಟ್ಟು ಎದ್ದರು.

ಹೊಸಬರ ಗೋಳು ಇನ್ನೂ ದೊಡ್ಡದು. ನನ್ನ ತಂಗಿ ಮದುವೆಯ ಉಂಗುರ ಮಾರಲು ಹೋದಾಗ ಕೊಂಡಾಗಿನ ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ ಎರಡೂ ನೀರಲ್ಲಿ ಹೋಮ. ಕೊಂಡ ಅಂಗಡಿಯಲ್ಲೇ ಬದಲಾಯಿಸಿದರೆ ಒಂದಿಷ್ಟು ಗಿಟ್ಟುತ್ತದೆ. ನಗದು ಕೇಳಿದ ತಕ್ಷಣ ಕೌಂಟರಿನ ಹುಡುಗನ ಮುಖ ಬದಲಾಗುತ್ತದೆ. ಇದರ ಮೇಲೆ ಈಗ ಲ್ಯಾಬಿನ ವಜ್ರ ಬೇರೆ. 2023ರಲ್ಲಿ ನಮ್ಮ ಪ್ರಧಾನಿಗಳು ಅಂದಿನ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್‌ರಿಗೆ ಕೊಟ್ಟ 7.5 ಕ್ಯಾರಟ್ಟಿನ ಹಸಿರು ವಜ್ರವೂ ಪ್ರಯೋಗಾಲಯದಲ್ಲಿ ಬೆಳೆಸಿದ್ದೇ. ನನ್ನ ಮಗಳು ಅಂಥ ಲ್ಯಾಬಿನ ವಜ್ರದ್ದೇ ಒಂದು ಜೊತೆ ಓಲೆ ಹಾಕಿಕೊಂಡು ಅತ್ತೆಯ ಜೊತೆ ಇನ್ನೊಂದು ಅಂಗಡಿಗೆ ಬಂದಿದ್ದಳು. ಅಲ್ಲಿ ಪೆನ್ನಿನಂಥ ಟೆಸ್ಟರು ಅತ್ತೆಯ ಓಲೆಗೆ ಕುಯ್ ಎಂದಿತು. ಮಗಳು ತಮಾಷೆಗೆ ತನ್ನ ಕಿವಿ ಒಡ್ಡಿದಳು. ಅದಕ್ಕೂ ಕುಯ್ ಎಂದಿತು. ಅದು ನೋಡುವುದು ಕಲ್ಲು ಬಿಸಿಯನ್ನು ಎಷ್ಟು ಬೇಗ ಸಾಗಿಸುತ್ತದೆ ಎಂಬುದನ್ನು. ಗಣಿಯದ್ದೋ ಲ್ಯಾಬಿನದ್ದೋ ಎಂದು ಕೇಳುವುದಿಲ್ಲ. "ಮಿಷನ್ ಕೆಟ್ಟಿದೆ" ಎಂದು ಅತ್ತೆ ತೀರ್ಪು ಕೊಟ್ಟು ಜಯನಗರ ಫೋರ್ತ್ ಬ್ಲಾಕಿಗೆ ಕಾರು ತಿರುಗಿಸಲು ಹೇಳಿದರು.

ಇಷ್ಟೆಲ್ಲ ಹಳೇ ವಜ್ರ ಮಾರುವ ಅತ್ತೆ ಹಳೇ ವಜ್ರ ಕೊಳ್ಳುತ್ತಾರೆಯೆ? ಉಂಟೇ! ಎದುರು ಮನೆಯವರು ತಮ್ಮ ವಜ್ರದ ಮೂಗುಬೊಟ್ಟು ಕೊಡುತ್ತೇವೆಂದು ಬಂದಾಗ ನಾನಲ್ಲೇ ಇದ್ದೆ. ಯಾರು ಹಾಕಿಕೊಂಡಿದ್ದರು, ಮುತ್ತೈದೆಯಾಗಿ ಹೋದರೋ ಹೇಗೆ, ಈಗ ಯಾಕೆ ಕೊಡುತ್ತಿದ್ದಾರೆ, ಕಲ್ಲಿನಲ್ಲಿ ಕಾಕಪಾದದ ದೋಷ ಇದೆಯೋ ಎಂದೆಲ್ಲ ವಿಚಾರಣೆ ನಡೆಯಿತು. ಕೊನೆಗೆ ಮೂಗುಬೊಟ್ಟನ್ನು ಮೂರು ದಿನ ದೇವರ ಮನೆಯಲ್ಲಿಟ್ಟು ನೋಡುವುದೆಂದಾಯಿತು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲವಲ್ಲ. ಎರಡನೆಯ ದಿನ ಹಾಲು ಒಡೆಯಿತು. ಕರೆಂಟು ಹೋಗಿ ಐದು ಗಂಟೆಯಾಗಿತ್ತು ಎಂಬ ನನ್ನ ಸಾಕ್ಷ್ಯವನ್ನು ಯಾರೂ ಕೇಳಲಿಲ್ಲ; ಮೂಗುಬೊಟ್ಟು ಅಂದು ಸಂಜೆಯೇ ರಸ್ತೆ ದಾಟಿ ವಾಪಸು ಹೋಯಿತು.

ಕಳೆದ ಶ್ರಾವಣದಲ್ಲಿ ಗಿರಾಕಿಯೂ ಸಿಕ್ಕಿದರು. ನೆಂಟರ ಪೈಕಿ ಡಾಕ್ಟರು. ಹೆಂಡತಿಗೆ ಹಳೇ ಕಾಲದ ಬೆಂಡೋಲೆಯೇ ಬೇಕೆಂಬ ಹಟ. ಅತ್ತೆ ಹೆದರಿಸಲೆಂದೇ ಆರು ಲಕ್ಷ ಎಂದರು. ಡಾಕ್ಟರು "ಆಗಲಿ" ಎಂದರು. ಕೋಣೆಯಲ್ಲಿದ್ದ ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಅತ್ತೆಗೆ. ಮಾತಿಗೆ ಸಿಕ್ಕಿಬಿದ್ದಾಗಿತ್ತು. ಕಾಗದ ಬಿಚ್ಚಿ, ಮತ್ತೆ ಸುತ್ತಿ, ಬಿಚ್ಚಿ ಕೂತಿದ್ದರು. ಆಗ ಡಾಕ್ಟರ ತಾಯಿ ಬಹಳ ಮೆತ್ತಗೆ, "ಎಲ್ಲ ಸರಿ, ಮೂರು ದಿನ ನಮ್ಮ ದೇವರ ಮನೇಲಿ ಇಟ್ಟು ನೋಡಿ ಆಮೇಲೆ ದುಡ್ಡು ಕೊಡ್ತೀವಿ, ತಪ್ಪು ತಿಳೀಬೇಡಿ" ಎಂದರು.

ಅತ್ತೆಯ ಮುಖದಲ್ಲಿ ಕಳೆ ಬಂತು. ಓಲೆ ಕುಂಕುಮದ ಡಬ್ಬಿಗೆ, ಡಬ್ಬಿ ಕರ್ಚೀಫಿಗೆ, ಗಂಟು ಬ್ಯಾಗಿಗೆ ಸೇರಿತು. ಕಾರಿನಲ್ಲಿ ಕೂತ ಮೇಲೆ ಬಾಯಿಬಿಟ್ಟರು: "ನಮ್ಮತ್ತೆ ಓಲೆಗೆ ಪರೀಕ್ಷೆನಾ? ಅವರ ಮನೆ ಫ್ರಿಜ್ಜು ಮೊದಲೇ ಸರಿ ಇಲ್ಲ. ನಾಳೆ ಹಾಲು ಒಡೆದ್ರೆ ನಾನು ಹೊಣೆನಾ?"