ಅಂತರ್ಧಾನಳಾದ ಕಾವೇರಿ

ಕಾವೇರಿಯು ಬೆಂಗಳೂರಿಗೆ ದಯಮಾಡಿಸುವುದು ಸುಲಭದ ಕಾರ್ಯವಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧಿಸಂಸ್ಕಾರವನ್ನು ಹೊಂದಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮರಳಿ ಮರಳಿ ಯಂತ್ರಗಳಿಂದ ಮೇಲಕ್ಕೆ ನೂಕಿಸಿಕೊಂಡು, ಸುಮಾರು 100 ಕಿಲೋಮೀಟರು ದೂರವನ್ನೂ 500 ಮೀಟರು ಎತ್ತರವನ್ನೂ ಕ್ರಮಿಸಿ ಬರುವ ಆ ಮಹಾತಾಯಿಯು, ನಮ್ಮ ಮನೆಯ ಮೀಟರನ್ನು ದಾಟಿ, ಅಡಿಗೆಮನೆಯ ನಲ್ಲಿಗೆ ಇನ್ನು ಕೆಲವೇ ಮಾರುಗಳಿರುವಾಗ ಬೇಸತ್ತು ತಳಪಾಯದ ಅಡಿಯಲ್ಲಿ ಅಂತರ್ಧಾನಳಾಗತೊಡಗಿದಳೆಂಬ ವಾರ್ತೆಯನ್ನು ನಮಗೆ ಮೊದಲು ತಿಳಿಸಿದುದು ನೀರಿನ ಬಿಲ್ಲು. ಬಳಿಕ, ದೇವರ ಮನೆಯ ಕೆಂಪು ಗಾರೆನೆಲದ ಮೇಲೆ ಎಷ್ಟು ಒರೆಸಿದರೂ ಆರದ ಒಂದು ತೇವದ ಮಚ್ಚೆ.

ಆ ಮಚ್ಚೆಯನ್ನು ನೋಡಿ ಅಭಿಪ್ರಾಯವನ್ನು ಹೇಳದೆ ಹೋದವರಿಲ್ಲ. ನಿವೃತ್ತ ಇಂಜಿನಿಯರರಾದ ನಮ್ಮ ಭಾವನವರು ಅಂತರ್ಜಲವೆಂದರು. ಬೀದಿಯ ಕೊಳವೆಬಾವಿಗಳೆಲ್ಲ ಬತ್ತಿರುವಾಗ ಅಂತರ್ಜಲವು ನಮ್ಮ ಮನೆಯನ್ನೇ ಏಕೆ ಆರಿಸಿಕೊಂಡಿತೆಂಬ ಪ್ರಶ್ನೆಗೆ ಕಾಫಿ ಮುಗಿಯುವವರೆಗೂ ಉತ್ತರ ಕೊಡಲಿಲ್ಲ. ವಾಸ್ತುವನ್ನು ಬಲ್ಲ ಹಿರಿಯರೊಬ್ಬರು, ಈಶಾನ್ಯದಲ್ಲಿ ಜಲವಿರುವುದು ಶುಭವೆಂದು ಅಭಿನಂದಿಸಿ ತೆರಳಿದರು. ಮಚ್ಚೆಯಿರುವಲ್ಲಿಯೇ ಅಗೆಯಬೇಕೆಂಬ ಪಕ್ಷವು ಮನೆಯಲ್ಲಿ ಪ್ರಬಲವಾಗಿದ್ದಿತು. "ನೀರು ಕಾಣೋ ಕಡೆ ಪೈಪ್ ಒಡ್ದಿರುತ್ತೆ ಅನ್ಕೋಬೇಡಿ ಸಾರ್" ಎಂದು ಹೇಳಿ ಅದನ್ನು ತಡೆದವರು ಪ್ಲಂಬರ್ ಮಹಾಶಯರು. ಭೂಗತವಾದ ನೀರು ಸಡಿಲ ಮಣ್ಣನ್ನು ಅನುಸರಿಸಿ ಹರಿದು, ನೆಲದಲ್ಲಿ ಬಿರುಕು ದೊರೆತೆಡೆಯಲ್ಲಿ ಮುಖವನ್ನು ತೋರುವುದಂತೆ.

ಅವರ ಮೊದಲ ಪರೀಕ್ಷೆ ಬಹು ಸರಳ: ನೀರು ಬಿಡುವ ಹೊತ್ತಿನಲ್ಲಿ ನಲ್ಲಿಗಳನ್ನೂ ಸಂಪಿನ ವಾಲ್ವನ್ನೂ ಮುಚ್ಚಿ, ಮೀಟರಿನ ಗಾಜಿನೊಳಗಣ ಪುಟ್ಟ ಚಕ್ರವನ್ನು ನೋಡುವುದು. ಯಾರೂ ಒಂದು ಚೊಂಬು ನೀರನ್ನೂ ಹಿಡಿಯದಿದ್ದ ಮನೆಯಲ್ಲಿ ಅದು ನಿರಾತಂಕವಾಗಿ ತಿರುಗುತ್ತಿದ್ದಿತು. ಮುಂದಿನದು ಶ್ರವಣ. ಒತ್ತಡದ ನೀರು ಸೂಕ್ಷ್ಮರಂಧ್ರದಿಂದ ಚಿಮ್ಮುವಾಗ ಹುಟ್ಟುವ ಸುಯ್ಲು ಲೋಹದ ಕೊಳವೆಯಲ್ಲಿ ದೂರ ಸಾಗುತ್ತದೆ. ಪ್ಲಾಸ್ಟಿಕ್ಕಿನದು ಅದನ್ನು ಬೇಗನೆ ನುಂಗಿಬಿಡುತ್ತದೆ. ನಮ್ಮದು ಹಳೆಯ ಜಿ.ಐ. ಪೈಪಾಗಿದ್ದುದು ಪುಣ್ಯ. ಮಹಾಶಯರು ಕಬ್ಬಿಣದ ಸರಳಿನ ಒಂದು ತುದಿಯನ್ನು ನೆಲಕ್ಕೂ ಮತ್ತೊಂದನ್ನು ಕಿವಿಗೂ ಹಚ್ಚಿ, ತಂಬೂರಿಯ ಶ್ರುತಿಯನ್ನು ಪರೀಕ್ಷಿಸುವ ವಿದ್ವಾಂಸರಂತೆ ಕಣ್ಣು ಮುಚ್ಚಿ, "ಯಾರೂ ಮಾತಾಡ್ಬೇಡಿ" ಎಂದು ಅಪ್ಪಣೆ ಕೊಟ್ಟರು.

ನಮ್ಮದು ಮೌನಾಭ್ಯಾಸವುಳ್ಳ ಕುಟುಂಬವಲ್ಲ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಗೋಡೆಯ ಗಡಿಯಾರವನ್ನು ಇಳಿಸಿ ಹಾಸಿಗೆಯಲ್ಲಿ ಹುದುಗಿಸಿದೆವು, ಆದರೆ ಅತ್ತೆಯವರ ಸಹಸ್ರನಾಮವನ್ನು ನಿಲ್ಲಿಸುವ ಧೈರ್ಯವುಳ್ಳವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಪಿಸುದನಿಯಲ್ಲಿ ಮುಂದುವರಿಸಲು ಅವರೇ ಉದಾರವಾಗಿ ಒಪ್ಪಿದರು. ಆ ಪಿಸುದನಿಯನ್ನೇ ಸೋರಿಕೆಯೆಂದು ಬಗೆದು ಮಹಾಶಯರು ಸೀಮೆಸುಣ್ಣದಿಂದ ಮೊದಲ ಗುರುತನ್ನು ಹಾಕಿದುದು ಅತ್ತೆಯವರ ಮಣೆಯ ಪಕ್ಕದಲ್ಲಿ. ಅವರನ್ನು ಮಹಡಿಗೆ ಬಿಜಯಂಗೈಸಿದ ಮೇಲೆಯೇ ನಿಜವಾದ ಸದ್ದು ಕೇಳಿಸಿತು: ಮಚ್ಚೆಗೆ ಬಲು ದೂರ, ನಡುಮನೆಯ ಬಾಗಿಲ ಬಳಿ.

ಅಗೆದಾಗ ಕಂಡುದು ತುಕ್ಕು ತಿಂದ ಒಂದು ಎಲ್ಬೋ ಕೀಲು. ಕೊಳವೆಯ ತುದಿಗೆ ತಿರುಪು ಕೊರೆಯುವಾಗ ಸತುವಿನ ಲೇಪ ಹೋಗಿ ಅದು ತೆಳುವಾಗುವುದರಿಂದ, ಕೇಡು ಕೀಲಿನಲ್ಲಿಯೇ ಮೊದಲಾಗುವುದು ಸಹಜ. ಕೀಲನ್ನು ಮಾತ್ರ ಬದಲಿಸಬಹುದಾಗಿತ್ತು. ಆದರೆ ಉಳಿದ ಕೊಳವೆಯ ವಯಸ್ಸೂ ಅಷ್ಟೇ ಅಲ್ಲವೆ? ಹಳೆಯದರ ಎರಡು ತುದಿಗಳನ್ನೂ ಮುಚ್ಚಿ ನೆಲದಲ್ಲಿಯೇ ಬಿಟ್ಟು, ಹೊಸದನ್ನು ಹೊರಗೋಡೆಯ ಮೇಲೆ ಹಾಯಿಸಿದೆವು. ನೋಟಕ್ಕೆ ವಿಕಾರವೆಂದು ಭಾವನವರ ಆಕ್ಷೇಪ. ಆದರೆ ಅದು ಸೋರಿದರೆ ಹಾಲಿನ ಹುಡುಗನೂ ಬಂದು ಹೇಳಿಯಾನು.

ಓದುಗರು ಈ ರಾತ್ರಿ ನೀರು ಬಂದಾಗ ನಲ್ಲಿಗಳನ್ನೆಲ್ಲ, ಸಂಪಿನ ವಾಲ್ವನ್ನೂ ಮುಚ್ಚಿ, ಮೀಟರಿನ ಚಕ್ರವನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ಟಾರ್ಚು ಬೇಕಾದೀತು.