ಉದ್ದಿನಬೇಳೆಯ ವಲಸೆ

ರಾಜಾಜಿನಗರದ ದಿನಸಿ ಅಂಗಡಿಗಳಲ್ಲಿ ಚೀಟಿ ಕೊಟ್ಟು ಪೊಟ್ಟಣ ಪಡೆಯುವ ಪದ್ಧತಿ ಕಡಿಮೆಯಾಗಿ, ಗಿರಾಕಿಯೇ ಬುಟ್ಟಿ ಹಿಡಿದು ಹುಡುಕುವ ಪದ್ಧತಿ ಬಂದಿದೆ. ಹುಡುಕುವುದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಹೋದ ವಾರ ಉದ್ದಿನಬೇಳೆ ಇದ್ದ ಕಡೆ ಈ ವಾರ ಫಿನಾಯಿಲ್ ಇರುತ್ತದೆ. ಇದು ಮಾಲೀಕರ ಮರೆವಲ್ಲ, ವ್ಯಾಪಾರದ ಲೆಕ್ಕ: ಬೇಳೆಗಾಗಿ ಅಲೆಯುವವರು ದಾರಿಯಲ್ಲಿ ಸಿಕ್ಕ ಬಿಸ್ಕತ್ತು, ಚಿಪ್ಸುಗಳನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಹಾಲು, ಮೊಸರು ಕಟ್ಟಕಡೆಯ ಮೂಲೆಯಲ್ಲಿರುವುದೂ ಇದಕ್ಕೇ. ಮನೆಯಲ್ಲಿ ಒಲೆಯ ಮೇಲೆ ಬಾಣಲೆ ಇಟ್ಟು ಸಾಸಿವೆ ತರಲು ಓಡಿಬಂದವರ ಪಾಡು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಬಿಲ್ಲಿನ ಕೌಂಟರುಗಳು ಮೂರು, ತೆರೆದಿರುವುದು ಒಂದು. ಉಳಿದೆರಡು ಈರುಳ್ಳಿ ಮೂಟೆಗೆ ಆಸರೆ.

ಚಿಲ್ಲರೆಯದು ಬೇರೆಯೇ ಅರ್ಥಶಾಸ್ತ್ರ. ಎರಡು ರೂಪಾಯಿಯ ಬದಲು ಅಂಗಡಿ ಕೊಡುವ ಚಾಕ್ಲೇಟು ನಾಣ್ಯಕ್ಕೆ ಸಮ. ಅದನ್ನೇ ಗಿರಾಕಿ ತಿರುಗಿ ಕೊಟ್ಟರೆ ಬರೀ ಚಾಕ್ಲೇಟು. ಹತ್ತು ರೂಪಾಯಿಯ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿದ್ದರೂ ಗಲ್ಲಾದವರಿಗೆ ಅನುಮಾನ ತೀರಿಲ್ಲ.

ಎಂಆರ್‌ಪಿಗಿಂತ ಹೆಚ್ಚು ವಸೂಲಿ ಮಾಡಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಉದ್ದಿನಬೇಳೆ ಜಾಗ ಬದಲಿಸಿದ್ದಕ್ಕೆ ದೂರು ಕೇಳುವ ಇಲಾಖೆ ಇನ್ನೂ ಹುಟ್ಟಿಲ್ಲ.