ಪ್ರೇಕ್ಷಕರು ಬೇಕಾಗಿದ್ದಾರೆ

ಬೆಂಗಳೂರಿನಲ್ಲಿ ಈಗ ಆಫ್‌ಲೈನ್ ಆಗಬೇಕಾದರೆ ಮೊದಲು ಒಳ್ಳೆಯ ನೆಟ್‌ವರ್ಕ್ ಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಫೋನಿಲ್ಲದ ಕೂಟವೊಂದರ ಪ್ರಕಟಣೆ ಕಣ್ಣಿಗೆ ಬೀಳಬೇಕು. ಅಲ್ಲಿಯ ಲಿಂಕ್ ಒತ್ತಿ ಫಾರ್ಮ್ ತುಂಬಬೇಕು. ಫೋನಿನಿಂದ ದೂರವಿರಲು ನಿಮಗೆ ಏಕೆ ಮನಸ್ಸಾಯಿತು ಎಂಬ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಬರೆಯಬೇಕು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸಿ, ಕಳಿಸಿದ್ದಕ್ಕೆ ಸಾಕ್ಷಿಯಾಗಿ ಸ್ಕ್ರೀನ್‌ಶಾಟ್ ಹಾಕಬೇಕು. ಇಷ್ಟಾದ ಮೇಲೆ ನಿಮ್ಮನ್ನು ವಾಟ್ಸಾಪ್ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಒಬ್ಬರು ಪಾರ್ಕಿಂಗ್ ಎಲ್ಲಿ ಎಂದು ಕೇಳುತ್ತಾರೆ. ಹದಿನೈದು ಜನ ಹದಿನೈದು ಥರ ಉತ್ತರ ಕೊಡುತ್ತಾರೆ. ಹದಿನಾರನೆಯವರು ಮತ್ತೆ ಪಾರ್ಕಿಂಗ್ ಎಲ್ಲಿ ಎಂದು ಕೇಳುತ್ತಾರೆ. ಭಾನುವಾರದ ಎರಡು ಗಂಟೆ ಮೌನಕ್ಕಾಗಿ ವಾರವಿಡೀ ಟಿಣ್ ಟಿಣ್.

ಇಂಥ ಕೂಟಗಳು ಈಗ ಊರ ತುಂಬ ಇವೆ. ಬೆಳಗ್ಗೆ ಓಡುವವರದು, ಸಂಜೆ ಚಿತ್ರ ಬರೆಯುವವರದು, ರಾತ್ರಿ ಬೋರ್ಡ್ ಗೇಮ್ ಆಡುವವರದು, ವಾರಾಂತ್ಯಕ್ಕೆ ಮಡಕೆ ಮಾಡುವವರದು. ಓಡುವವರ ಪ್ರಕಾರ ವಾಚಿನಲ್ಲಿ ದಾಖಲಾಗದ ಓಟ ಓಟವೇ ಅಲ್ಲ. ಐದು ಕಿಲೋಮೀಟರ್ ಓಡಿ ಏದುಸಿರು ಬಿಡುತ್ತಿರುವವನಿಗೆ ವಾಚಿನ ಚಾರ್ಜ್ ಅರ್ಧ ದಾರಿಯಲ್ಲೇ ಮುಗಿದಿತ್ತೆಂದು ಗೊತ್ತಾದರೆ ಮುಖ ಹುಳ್ಳಗಾಗುತ್ತದೆ. ಬೆವರು ಸುಳ್ಳು, ಆ್ಯಪ್ ಸತ್ಯ. ಮಡಕೆಯವರ ಕಷ್ಟ ಬೇರೆ. ಮೊಣಕೈವರೆಗೆ ಮಣ್ಣು ಮಾಡಿಕೊಂಡು, ಚಕ್ರದ ಮುಂದೆ ಹತ್ತಾರು ಭಂಗಿಯಲ್ಲಿ ಫೋಟೊ ತೆಗೆಸಿಕೊಂಡು, ಕೊನೆಗೆ ಸುಟ್ಟು ಕೈಗೆ ಕೊಟ್ಟ ಸೊಟ್ಟ ಬಟ್ಟಲನ್ನು ಮನೆಗೆ ತಂದರೆ ಅಮ್ಮ ಅದನ್ನು ಬೋರಲು ಹಾಕಿ ನೋಡಿ, "ಎಷ್ಟು ಕೊಟ್ಟೆ?" ಎನ್ನುತ್ತಾರೆ. ಹೇಳಿದರೆ ಮುಗಿಯಿತು. "ಅಷ್ಟು ದುಡ್ಡಿಗೆ ಪಾಟರಿ ಟೌನಿನಲ್ಲಿ ಮನೆ ಮುಂದಿನ ಗಿಡಕ್ಕೆಲ್ಲ ಕುಂಡ ಬರ್ತಿತ್ತಲ್ಲೋ!"

ಎಲ್ಲಕ್ಕಿಂತ ದುಬಾರಿಯದು 'ಅಪರಿಚಿತರೊಂದಿಗೆ ಊಟ'. ಗುರುತಿಲ್ಲದ ಆರು ಜನ ಒಂದು ಮೇಜಿನ ಸುತ್ತ ಕೂತು ಮನಬಿಚ್ಚಿ ಮಾತಾಡಬೇಕು. ಏನು ಮಾತಾಡಬೇಕೆಂದು ಸಂಘಟಕರು ಚೀಟಿಯಲ್ಲಿ ಬರೆದಿಟ್ಟಿರುತ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೇ ಸೇವೆಯನ್ನು ದೋಸೆಯ ಬೆಲೆಗೆ ಕೊಡುತ್ತಿದೆ. ಅಲ್ಲಿ ನಿಮ್ಮ ಎದುರು ಯಾರು ಕೂರಬೇಕೆಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ಚಟ್ನಿ ಈ ಕಡೆ ಸರಿಸಿ ಎಂಬಲ್ಲಿಂದ ಶುರುವಾದ ಮಾತು ಮಗಳ ಮದುವೆ, ಮಂಡಿ ನೋವು, ಮೆಟ್ರೊ ಕಾಮಗಾರಿವರೆಗೆ ತಾನಾಗಿಯೇ ಹೋಗುತ್ತದೆ. ಯಾವಾಗ ನಿಲ್ಲಿಸಬೇಕೆಂದು ಹೇಳಲು ಕುರ್ಚಿಯ ಹಿಂದೆ ಮುಂದಿನ ಗಿರಾಕಿ ನಿಂತೇ ಇರುತ್ತಾನೆ.

ಹಾಗಂತ ಈ ಹುಡುಗ ಹುಡುಗಿಯರನ್ನು ಪೂರ್ತಿ ಗೇಲಿ ಮಾಡುವಂತಿಲ್ಲ. ಪಿಜಿಯ ಕೋಣೆ, ಅದರೊಳಗೆ ಮಂಚ, ಮಂಚದ ಮೇಲೆ ಲ್ಯಾಪ್‌ಟಾಪ್, ಅದರೊಳಗೆ ಆಫೀಸು. ಇಷ್ಟರಲ್ಲೇ ವಾರ ಕಳೆಯುವವರಿಗೆ ಒಂದು ಮನುಷ್ಯ ಮುಖ ನೋಡಬೇಕೆನಿಸುವುದು ಸಹಜ. ಪಕ್ಕದ ಮನೆಯ ಬಾಗಿಲು ತಟ್ಟಿದರೆ ಒಳಗಿನವರು ಕ್ಯಾಮೆರಾದಲ್ಲಿ ನೋಡಿ "ಡೆಲಿವರಿನಾ?" ಎಂದು ಕೇಳುವ ಊರಿದು.

ಅದರಲ್ಲೂ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಸೇರುವ ಓದುಗರ ಮೇಲೆ ಕಲ್ಲೆಸೆಯಲು ನನಗೂ ಕೈ ಬಾರದು. ಚಾಪೆ ಹಾಸುತ್ತಾರೆ, ಪುಸ್ತಕ ತೆಗೆಯುತ್ತಾರೆ, ಬಾಯಿ ಮುಚ್ಚಿ ಓದುತ್ತಾರೆ. ಸ್ವಾಗತ ಭಾಷಣವಿಲ್ಲ, ಅಧ್ಯಕ್ಷರಿಲ್ಲ, ಶಾಲು ಇಲ್ಲ. ಕನ್ನಡದ ಸಾಹಿತ್ಯ ಸಭೆಗಳನ್ನು ಕಂಡವರಿಗೆ ಇದು ಪವಾಡ. ಇಲ್ಲಿ ಶುರುವಾದ ಈ ಕೂಟ ಬೇರೆ ಬೇರೆ ಊರುಗಳಿಗೆ, ಹೊರದೇಶಕ್ಕೂ ಹಬ್ಬಿದೆ. ಆದರೆ ಮರದ ನೆರಳಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕೂತು ನೋಡಿ. ಒಬ್ಬ ಪುಸ್ತಕವನ್ನು ಹುಲ್ಲಿನ ಮೇಲಿಟ್ಟು, ಪಕ್ಕದಲ್ಲಿ ಕಾಫಿ ಲೋಟ, ಅದರ ಪಕ್ಕ ಎರಡು ಆಕಾಶಮಲ್ಲಿಗೆ ಹೂವು ಜೋಡಿಸಿ, ಬಿಸಿಲು ಸರಿಯಾಗಿ ಬೀಳಲಿ ಎಂದು ಕಾಯುತ್ತಿರುತ್ತಾನೆ. ಬಿಸಿಲು ಬರುವ ಹೊತ್ತಿಗೆ ಹೂವಿನ ಮೇಲೆ ಇರುವೆ ಬರುತ್ತದೆ. ಇರುವೆ ಓಡಿಸಿ, ಹೂವು ಬದಲಿಸಿ, ಫೋಟೊ ತೆಗೆದು, ಮೇಲೆ ನಾಲ್ಕು ಸಾಲು ಬರೆದು ಹಾಕುವಷ್ಟರಲ್ಲಿ ಎಲ್ಲರೂ ಏಳುತ್ತಾರೆ. ಅವನ ಪುಸ್ತಕ ಶನಿವಾರದಿಂದ ಶನಿವಾರಕ್ಕೆ ಪಾರ್ಕಿಗೆ ಬಂದು ಹೋಗುತ್ತಿದೆ. ಪುಟ ಮಾತ್ರ ಮುಂದೆ ಹೋಗಿಲ್ಲ.

ಫೋನು ಇಲ್ಲಿ ಬರೀ ನೆಪ. ಅದನ್ನು ಬುಟ್ಟಿಯಲ್ಲಿ ಹಾಕಿ ಬೀಗ ಜಡಿದರೂ ಕಾಯಿಲೆ ಹೋಗುವುದಿಲ್ಲ. ಈ ಊರಿನಲ್ಲಿ ಎಲ್ಲರಿಗೂ ಕಾಣಿಸಿಕೊಳ್ಳಬೇಕು. ಇನ್ನೊಬ್ಬರನ್ನು ಕಾಣುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ನಟರಿಗೆ ಸುಗ್ಗಿ, ಪ್ರೇಕ್ಷಕರಿಗೆ ಬರ.

ಪ್ರೇಕ್ಷಕನಾಗುವುದನ್ನು ಕಲಿಸುವ ಜಾಗಗಳು ನಮ್ಮಲ್ಲಿ ಇಲ್ಲದಿಲ್ಲ. ಜೆ.ಪಿ. ನಗರದಲ್ಲಿ ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ ರಂಗಮಂದಿರ ರಂಗಶಂಕರ 2004ರಿಂದ ಒಂದೇ ಪಾಠ ಹೇಳುತ್ತಿದೆ: ಏಳೂವರೆ ಎಂದರೆ ಏಳೂವರೆ. ಆಮೇಲೆ ಬಾಗಿಲು ತೆಗೆಯುವುದಿಲ್ಲ. ಏಳು ಮೂವತ್ತನಾಲ್ಕಕ್ಕೆ ಓಡಿ ಬಂದು ಮುಚ್ಚಿದ ಬಾಗಿಲ ಮುಂದೆ ನಿಂತವನ ಮುಖವನ್ನು ಒಮ್ಮೆ ನೋಡಬೇಕು.

"ಟಿಕೆಟ್ ಇದೆ ರೀ."

"ನಾಟಕ ಶುರುವಾಗಿದೆ ಸರ್."

"ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ, ಗೊತ್ತಾ?"

"ಒಳಗಿರೋರೂ ಅದೇ ದಾರೀಲಿ ಬಂದಿದ್ದಾರೆ ಸರ್."

ಅವನಿಗೆ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚು. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬ ಮಂತ್ರಕ್ಕೆ ಬಗ್ಗದ ಬಾಗಿಲೊಂದು ಬೆಂಗಳೂರಿನಲ್ಲಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಆಮೇಲೆ ನೋಡುವ ಗುಂಡಿ ಈ ಆಟಕ್ಕಿಲ್ಲ. ಬೇಜಾರಾದ ದೃಶ್ಯವನ್ನು ಬೆರಳಿನಿಂದ ಮೇಲಕ್ಕೆ ತಳ್ಳುವಂತಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ದುಃಖಿಸಿ ಎಂದು ದ್ರೌಪದಿಗೆ ಹೇಳುವಂತಿಲ್ಲ.

ಹಳೆಯ ಕಂಪನಿ ನಾಟಕದಲ್ಲಿ ಒಂದು ಸೌಲಭ್ಯವಿತ್ತು, ನಿಜ. ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗಿದರೆ ಆಗಷ್ಟೇ ಸತ್ತು ಬಿದ್ದವನು ಎದ್ದು ಕೂತು, ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಸತ್ತ ಕಥೆಗಳನ್ನು ಹಿರಿಯರು ಹೇಳುತ್ತಾರೆ. ಆದರೆ ಆ ಹಕ್ಕಿಗೆ ಪ್ರೇಕ್ಷಕ ಬೆಲೆ ಕೊಟ್ಟಿದ್ದ. ಹಾಡನ್ನು ಮೊದಲ ಸಲ ಗಮನವಿಟ್ಟು ಕೇಳಿದ್ದ.

ಇವತ್ತಿನ ಪ್ರೇಕ್ಷಕ ಏನು ಕೇಳುತ್ತಾನೆಂದು ತಿಳಿಯಬೇಕಾದರೆ ಕತ್ತಲಲ್ಲಿ ಅವನ ಪಕ್ಕ ಕೂರಬೇಕು. ಮೂರನೇ ಬೆಲ್ ಆಗಿದೆ. ಮೊಬೈಲ್ ಸ್ವಿಚ್ ಆಫ್ ಮಾಡಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ವಿನಂತಿಸಿದ್ದಾರೆ. ಅದು ಉಳಿದವರಿಗೆ ಹೇಳಿದ್ದು ಎಂದು ಎಲ್ಲರೂ ತಿಳಿದಿದ್ದಾರೆ. ರಂಗದ ಮೇಲೆ ಮುದಿ ರಾಜ ಕೊನೆಯುಸಿರು ಎಳೆಯುತ್ತಿದ್ದಾನೆ. ಮಗ ಪಾದದ ಬಳಿ ಕುಸಿದಿದ್ದಾನೆ. ಸೂಜಿ ಬಿದ್ದರೆ ಕೇಳುವಷ್ಟು ನಿಶ್ಶಬ್ದ. ಆಗ ನಾಲ್ಕನೇ ಸಾಲಿನ ವ್ಯಾನಿಟಿ ಬ್ಯಾಗಿನೊಳಗಿನ ಪರ್ಸಿನೊಳಗಿಂದ ಗಣಪತಿ ಸ್ತುತಿ ಹೊರಡುತ್ತದೆ. ಬ್ಯಾಗಿನ ಜಿಪ್ಪು ತೆರೆಯುತ್ತದೆ, ಸ್ತುತಿ ಜೋರಾಗುತ್ತದೆ. ಪರ್ಸಿನ ಜಿಪ್ಪು ತೆರೆಯುತ್ತದೆ, ಇನ್ನೂ ಜೋರಾಗುತ್ತದೆ. ಅಮ್ಮನವರು ಫೋನನ್ನು ಕಟ್ ಮಾಡುತ್ತಾರೆಂದು ಸಭಾಂಗಣವೆಲ್ಲ ಹಾರೈಸುತ್ತದೆ. ಅವರು ಎತ್ತುತ್ತಾರೆ.

"ನಾಟಕದಲ್ಲಿದ್ದೀನಿ ಕಣೋ... ಆಮೇಲೆ ಮಾಡ್ತೀನಿ... ಹೂಂ, ರಾಜ ಸಾಯ್ತಾ ಇದಾನೆ... ಹಿಟ್ಟು ಫ್ರಿಜ್ಜಿನ ಕೆಳಗಿನ ಅರೆಯಲ್ಲಿದೆ ನೋಡು... ಉಪ್ಪು ಹಾಕಿಲ್ಲ, ಹಾಕ್ಕೋ."

ರಾಜ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತಾನೆ. ಸತ್ತವನಾದ್ದರಿಂದ ಏನೂ ಅನ್ನುವಂತಿಲ್ಲ. ಪಕ್ಕದ ಸಾಲಿನ ಯುವಕ ಮಾತ್ರ ತಾನು ಸಭ್ಯನೆಂದು ಬೀಗುತ್ತಾನೆ, ಅವನ ಫೋನ್ ಸೈಲೆಂಟಿನಲ್ಲಿದೆ. ಆದರೆ ಪರದೆಯ ನೀಲಿ ಬೆಳಕು ಅವನ ಗಲ್ಲದ ಮೇಲೆ ಬಿದ್ದು, ಕತ್ತಲಲ್ಲಿ ಬರೀ ಅವನ ಮುಖವೊಂದೇ ತೇಲುತ್ತಿರುತ್ತದೆ. ಸಿನಿಮಾದ ನಾಯಕನಿಗೆ ಇದು ಕಾಣುವುದಿಲ್ಲ. ನಾಟಕದವನಿಗೆ ಕಾಣುತ್ತದೆ. ರಂಗಭೂಮಿಯ ವಿಶೇಷವೇ ಅದು, ನೀವು ಅವನನ್ನು ನೋಡದಿದ್ದರೆ ಅವನು ನಿಮ್ಮನ್ನು ನೋಡಿರುತ್ತಾನೆ.

ತಪ್ಪೆಲ್ಲ ಪ್ರೇಕ್ಷಕನದೇ ಎಂದರೆ ರಂಗಕರ್ಮಿಗಳು ಬೀಗಿಯಾರು. ಅವರ ಲೆಕ್ಕವನ್ನೂ ನೋಡೋಣ. ಆಮಂತ್ರಣದಲ್ಲಿ ಆರೂವರೆಗೆ ನಾಟಕ ಎಂದಿರುತ್ತದೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ 'ಸಭಾ ಕಾರ್ಯಕ್ರಮ' ಎಂದೂ ಇರುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಸನ್ಮಾನ, ಅಧ್ಯಕ್ಷ ಭಾಷಣ, ವಂದನಾರ್ಪಣೆ. ಮುಖ್ಯ ಅತಿಥಿಗಳು ತಮಗೂ ರಂಗಭೂಮಿಗೂ ಇರುವ ಅವಿನಾಭಾವ ಸಂಬಂಧವನ್ನು ಅರ್ಧ ಗಂಟೆ ವಿವರಿಸಿ, ಇನ್ನೊಂದು ಕಾರ್ಯಕ್ರಮವಿದೆ ಎಂದು ಹಾರ ಹಿಡಿದು ಹೊರಡುತ್ತಾರೆ. ಗ್ರೀನ್ ರೂಮಿನಲ್ಲಿ ದುರ್ಯೋಧನನ ಮೀಸೆಯ ಅಂಟು ಬೆವರಿಗೆ ಬಿಡುತ್ತಿರುತ್ತದೆ. ಫೋನ್ ಆಫ್ ಮಾಡಿ ಎಂದು ವಿನಂತಿಸಿದವರೇ ನಾಟಕ ಮುಗಿದೊಡನೆ "ಒಂದು ಸ್ಟೋರಿ ಹಾಕಿ, ನಮ್ಮ ತಂಡವನ್ನು ಟ್ಯಾಗ್ ಮಾಡಿ" ಎಂದು ಬೇಡುತ್ತಾರೆ. ಬಾಗಿಲ ಬಳಿ ಸೆಲ್ಫಿಗೆ ಕಿರೀಟವಿಟ್ಟ ಸಿಂಹಾಸನ ಸಿದ್ಧವಿರುತ್ತದೆ.

ಹೌಸ್‌ಫುಲ್ ಆದ ದಿನ ಹಿಗ್ಗಬೇಡಿ, ಅರ್ಧ ಪಾಸುಗಳು. ಮೂರನೇ ಸೈನಿಕನ ಪಾತ್ರಕ್ಕೆ ಒಬ್ಬ ರವಿ ಇದ್ದರೆ ಅವನ ದೊಡ್ಡಪ್ಪ, ಚಿಕ್ಕಮ್ಮ, ಅತ್ತೆ, ಅತ್ತೆಯ ಓರಗಿತ್ತಿ ಎಲ್ಲರೂ ಹಾಜರು. ರವಿ ಈಟಿ ಹಿಡಿದು ಬಂದೊಡನೆ "ನಮ್ಮ ರವಿ, ನಮ್ಮ ರವಿ" ಎಂಬ ಪಿಸುಮಾತಿನ ಅಲೆ ಏಳುತ್ತದೆ, ಹತ್ತು ಫೋನು ಮೇಲೇಳುತ್ತವೆ. ರವಿ ಎರಡನೇ ಅಂಕದಲ್ಲಿ ಸತ್ತರೆ ಕುಟುಂಬವೂ ಎದ್ದು ಹೋಗುತ್ತದೆ. ಸಿಂಹಾಸನ ಕೊನೆಗೆ ಯಾರಿಗೆ ಸಿಕ್ಕಿತು ಎಂಬುದು ಅವರಿಗೆ ಸಂಬಂಧಪಟ್ಟದ್ದಲ್ಲ.

ಇನ್ನು ವಾರಾಂತ್ಯದ ಅಭಿನಯ ಶಿಬಿರಗಳು. ಆತ್ಮವಿಶ್ವಾಸ ಬೆಳೆಯಲಿ ಎಂದು ಆಫೀಸಿನವರು ಸೇರುತ್ತಾರೆ, ಮರವಾಗುತ್ತಾರೆ, ನದಿಯಾಗುತ್ತಾರೆ, ನೆಲದ ಮೇಲೆ ಹೊರಳಾಡಿ ಅಳುತ್ತಾರೆ. ಒಳ್ಳೆಯದೇ. ಆದರೆ ಹತ್ತಿರದಲ್ಲೇ ಇನ್ನೊಂದು ತಂಡದ ನಾಟಕವಿದೆ, ಹೋಗೋಣವೇ ಎಂದು ಕೇಳಿ ನೋಡಿ. ನದಿಯಾದವನಿಗೆ ಮೀಟಿಂಗು, ಮರವಾದವಳಿಗೆ ತಲೆನೋವು. ಎಲ್ಲರಿಗೂ ರಂಗದ ಮೇಲೆ ಜಾಗ ಬೇಕು, ಕೆಳಗಿನ ಕುರ್ಚಿಗಳು ಬಾಡಿಗೆಗೆ ಖಾಲಿ ಇವೆ.

ನಮ್ಮ ಜನಕ್ಕೆ ಕೂರುವ ಶಕ್ತಿಯೇ ಹೋಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯ ಅಹೋರಾತ್ರಿ ನಾಟಕ ಮಾಡಿದರು. ಸುಮಾರು ಒಂಬತ್ತು ಗಂಟೆ, ಬಯಲು, ಬೇರೆ ಬೇರೆ ರಂಗಸ್ಥಳ. ಮೊದಲು ಮೈಸೂರಿನಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ಜನ ಕಂಬಳಿ ಹೊದ್ದು, ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ನಡೆದು ಹೋಗಿ, ಬೆಳಕು ಹರಿಯುವವರೆಗೆ ನೋಡಿದರು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1949ರಲ್ಲಿ ಹುಟ್ಟಿದ್ದು. ಅದರ ಸಂಸ್ಕೃತಿ ಶಿಬಿರಕ್ಕೆ ಬೆಂಗಳೂರಿನಿಂದ ಬಸ್ಸು ಹತ್ತಿ ಹೋಗಿ, ಹಗಲೆಲ್ಲ ಬೇರೆಯವರ ಮಾತು ಕೇಳಿ, ರಾತ್ರಿ ಬೇರೆಯವರ ನಾಟಕ ನೋಡಿ ಬಂದವರಿದ್ದಾರೆ. ಅವರು ಯಾರೂ ಡಿಜಿಟಲ್ ಉಪವಾಸ ಮಾಡುತ್ತಿದ್ದೇವೆ ಎಂದು ಸಾರಿಕೊಳ್ಳಲಿಲ್ಲ. ಎದುರಿಗೆ ನೋಡುವಂಥದ್ದು ಇತ್ತು, ಫೋನು ಜೇಬಿನಲ್ಲಿತ್ತು. ಅಷ್ಟೇ.

ಆದ್ದರಿಂದ ನಾನೂ ಒಂದು ಸಂಘ ಕಟ್ಟಲು ಹೊರಟಿದ್ದೇನೆ. ಹೆಸರು, ಅಖಿಲ ಕರ್ನಾಟಕ ಸುಮ್ಮನೆ ಕೂರುವವರ ಸಂಘ. ನಿಯಮಗಳು ಸರಳ. ಸದಸ್ಯರು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಟಿಕೆಟ್ ಕೊಳ್ಳಬೇಕು, ಪಾಸು ಕೇಳಕೂಡದು. ರಂಗದ ಮೇಲೆ ತಮ್ಮ ಪೈಕಿಯವರು ಯಾರೂ ಇರದ ನಾಟಕವನ್ನೇ ಆರಿಸಬೇಕು. ಬೆಲ್ ಆಗುವ ಮೊದಲು ಕೂರಬೇಕು, ಪರದೆ ಬೀಳುವವರೆಗೆ ಏಳಬಾರದು. ಇಷ್ಟವಾದರೆ ಚಪ್ಪಾಳೆ, ಆಗದಿದ್ದರೆ ನಟನನ್ನೇ ಹುಡುಕಿಕೊಂಡು ಹೋಗಿ ಮುಖಕ್ಕೆ ಹೇಳುವುದು. ಹೋಗಿ ಬಂದ ವಿಷಯವನ್ನು ಎಲ್ಲೂ ಹಾಕುವಂತಿಲ್ಲ. ಬ್ಯಾನರ್, ಲಾಂಛನ, ಟೀ ಶರ್ಟ್, ಗುಂಪು ಫೋಟೊ ಯಾವುದೂ ಇರುವುದಿಲ್ಲ.

ಪರಿಚಯದವರಿಗೆಲ್ಲ ಹೇಳಿದ್ದೇನೆ. ಎಲ್ಲರೂ ಒಕ್ಕೊರಲಿನಿಂದ ಮೆಚ್ಚಿದ್ದಾರೆ, ಊರಿಗೆ ತುರ್ತಾಗಿ ಬೇಕಾಗಿದ್ದ ಸಂಘ ಎಂದಿದ್ದಾರೆ. ಅಧ್ಯಕ್ಷ ಸ್ಥಾನಕ್ಕೆ ಈಗಾಗಲೇ ಸಾಕಷ್ಟು ಅರ್ಜಿಗಳು ಬಂದಿವೆ, ಕಾರ್ಯದರ್ಶಿ ಹುದ್ದೆಗೆ ಜಗಳವೂ ಶುರುವಾಗಿದೆ, ಉದ್ಘಾಟನಾ ಸಮಾರಂಭದ ನಿರೂಪಣೆ ತನಗೇ ಬೇಕೆಂದು ಇಬ್ಬರು ಪಟ್ಟು ಹಿಡಿದಿದ್ದಾರೆ. ಸದಸ್ಯತ್ವಕ್ಕೆ ಮಾತ್ರ ಇನ್ನೂ ಒಂದು ಅರ್ಜಿಯೂ ಬಂದಿಲ್ಲ.